ಯಾರ ಜೇಬಿಗೂ ಸೇರದ ಗಂಟೆಗಳು

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ದುಡ್ಡಿನ ಬಗ್ಗೆ. ದುಡ್ಡನ್ನು ಗಂಟೆಗಳಲ್ಲಿ ಎಣಿಸಿದರೆ ಏನೇನು ಕಾಣಿಸುತ್ತದೆ ಎಂದು ನೋಡೋಣ. ಮನೆಯ ಖರ್ಚಿನಿಂದ ಹೊರಟು ಸರ್ಕಾರಿ ಕಚೇರಿಯ ಕೌಂಟರಿನವರೆಗೆ ಹೋಗೋಣ. ನಡುವೆ ಕೂಡುವುದು ಕಳೆಯುವುದು ಸ್ವಲ್ಪ ಇದೆ, ಕೈಗೆ ಸಿಗುವಂತೆ ಕಾಗದ ಪೆನ್ನು ಇಟ್ಟುಕೊಂಡರೆ ಒಳ್ಳೆಯದು.

ಮೊದಲ ಕೆಲಸ, ನಮ್ಮ ಒಂದು ಗಂಟೆಯ ನಿಜವಾದ ಗಳಿಕೆ ಎಷ್ಟು ಎಂದು ಕಂಡುಕೊಳ್ಳುವುದು. ಒಬ್ಬರ ಸಂಬಳ ತಿಂಗಳಿಗೆ 30,000 ಎಂದಿಟ್ಟುಕೊಳ್ಳಿ. ನಾಣ್ಯ ಯಾವ ದೇಶದ್ದಾದರೂ ಆಗಲಿ, ಲೆಕ್ಕದ ದಾರಿ ಒಂದೇ. ದಿನಕ್ಕೆ 8 ಗಂಟೆಯಂತೆ 25 ದಿನ, ಒಟ್ಟು 200 ಗಂಟೆ. ಭಾಗಿಸಿದರೆ ಗಂಟೆಗೆ 150. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ, ತಪ್ಪುವುದೂ ಇಲ್ಲೇ. ಕೆಲಸಕ್ಕೆ ಹೋಗಿಬರಲು ದಿನಕ್ಕೆ ಒಂದೂವರೆ ಗಂಟೆ ಬೇಕು, ತಿಂಗಳಿಗೆ ಅದು 37.5 ಗಂಟೆ. ಹೊರಡುವ ಮುಂಚಿನ ತಯಾರಿಗೆ ಅರ್ಧ ಗಂಟೆಯಂತೆ 12.5. ಮನೆಗೆ ಬಂದ ಮೇಲೂ ಬಿಡದ ಕಚೇರಿಯ ಫೋನು, ಸಂದೇಶಗಳಿಗೆ ತಿಂಗಳಿಗೆ 10. ಎಲ್ಲ ಸೇರಿ 260 ಗಂಟೆ. ಈಗ ಹಣದ ಕಡೆ ನೋಡಿ. ತೆರಿಗೆ ಮತ್ತು ಇತರ ಕಡಿತ 3,000, ಓಡಾಟಕ್ಕೆ 2,400, ಕೆಲಸ ಇಲ್ಲದಿದ್ದರೆ ಬೇಕಾಗದ ಬಟ್ಟೆಬರೆ ಮತ್ತು ಹೊರಗಿನ ಊಟಕ್ಕೆ 1,200. ಕಳೆದು ಉಳಿಯುವುದು 23,400. ಇದನ್ನು 260ರಿಂದ ಭಾಗಿಸಿ. ಗಂಟೆಗೆ 90. ಕಾಗದದ ಮೇಲಿನ 150 ಎಲ್ಲಿ, ಕೈಗೆ ಹತ್ತುವ 90 ಎಲ್ಲಿ!

ಇನ್ನು ಅಂಗಡಿಯಲ್ಲಿ 18,000ದ ಫೋನು ಕಂಡರೆ ಅದು 200 ಗಂಟೆ, ಅಂದರೆ ತಿಂಗಳ 260 ಗಂಟೆಯಲ್ಲಿ ಮುಕ್ಕಾಲಿಗಿಂತ ಹೆಚ್ಚು. ಕೊಳ್ಳಬೇಡಿ ಎಂದು ಹೇಳುತ್ತಿಲ್ಲ. ಅಷ್ಟು ಹೊತ್ತು ಕೊಡಲು ಮನಸ್ಸಿದ್ದರೆ ಧಾರಾಳವಾಗಿ ಕೊಳ್ಳಿ. ತಿಂಗಳು ತಿಂಗಳು ಕಟ್ಟುವ ಚಂದಾ, ಕಂತುಗಳ ವಿಷಯ ಮಾತ್ರ ಬೇರೆ. ತಿಂಗಳಿಗೆ 900ರ ಒಂದು ಖರ್ಚನ್ನು ನಿಲ್ಲಿಸಿದರೆ ಪ್ರತಿ ತಿಂಗಳೂ 10 ಗಂಟೆ ಉಳಿಯಿತು. ಜೊತೆಗೆ, ಕಷ್ಟಕಾಲಕ್ಕೆಂದು ಆರು ತಿಂಗಳ ಖರ್ಚು ತೆಗೆದಿಡುವವರಾದರೆ, ಆ ಗಂಟಿನಲ್ಲೂ 5,400 ಕಡಿಮೆ ಸಾಕು. ಅದು ಇನ್ನೊಂದು 60 ಗಂಟೆ. ಸಂಬಳ ಹೆಚ್ಚಿದಾಗ ಈ ಎರಡನೆಯ ಲಾಭ ಸಿಗುವುದಿಲ್ಲ, ಖರ್ಚು ಇಳಿದಾಗ ಮಾತ್ರ ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಇದು ಒಂದೇ ದಿಕ್ಕಿನಲ್ಲಿ ಅಳೆಯುವ ಕೋಲು. ಹಣವನ್ನು ಗಂಟೆಗೆ ಬದಲಿಸಲು ಸರಿ, ಗಂಟೆಯನ್ನು ಹಣಕ್ಕೆ ಬದಲಿಸಲು ಸರಿಹೋಗದು. "ನನ್ನ ಗಂಟೆಗೆ 90 ಬೆಲೆ, ನಾನೇಕೆ ಅಡುಗೆ ಮಾಡಲಿ, ಹೊರಗಿಂದ ತರಿಸಿದರೆ ಲಾಭ" ಎನ್ನುವ ವಾದ ಕೇಳಲು ಚೆಂದ. ತಿಂಗಳ ಸಂಬಳದವರಿಗೆ ಉಳಿದ ಒಂದು ಗಂಟೆಯನ್ನು ಕೊಂಡುಕೊಳ್ಳುವವರು ಯಾರೂ ಇಲ್ಲ. ಆ ಗಂಟೆ ಉಳಿದರೆ ಸೋಫಾದ ಮೇಲೆ ಉಳಿಯುತ್ತದೆ, ಹಣ ಮಾತ್ರ ನಿಜವಾಗಿ ಹೋಗಿರುತ್ತದೆ. ದಿನಗೂಲಿಯವರಿಗೆ, ಕೈತುಂಬ ಕೆಲಸವಿರುವ ಸ್ವಂತ ಉದ್ಯೋಗಿಗಳಿಗೆ ಹೀಗಲ್ಲ. ಅವರಿಗೆ ತಪ್ಪಿದ ಗಂಟೆ ಎಂದರೆ ತಪ್ಪಿದ ಕೂಲಿಯೇ.

ವಾಹನವನ್ನೂ ಇದೇ ಕೋಲಿನಿಂದ ಅಳೆದುನೋಡಿ. ಕೆಲಸದ ಓಡಾಟ ಬಿಟ್ಟು ತಿಂಗಳಿಗೆ 500 ಕಿಲೋಮೀಟರ್ ಓಡುವ ಒಂದು ಕಾರು. ಕೆಲಸದ ಓಡಾಟವನ್ನು ಬಿಟ್ಟದ್ದಕ್ಕೆ ಕಾರಣವಿದೆ. ಅದರ ಖರ್ಚನ್ನು ಮೇಲೆ ಒಮ್ಮೆ ಕಳೆದಾಗಿದೆ, ಮತ್ತೆ ಸೇರಿಸಿದರೆ ಎರಡು ಸಲ ಎಣಿಸಿದಂತಾಗುತ್ತದೆ. ಸವಕಳಿ, ಬಡ್ಡಿ, ವಿಮೆ, ರಿಪೇರಿ, ನಿಲುಗಡೆ ಸೇರಿ ತಿಂಗಳಿಗೆ 6,300, ಅಂದರೆ 70 ಗಂಟೆ. ಇಂಧನ 1,800, ಅದು 20 ಗಂಟೆ. ರಸ್ತೆಯ ಮೇಲೆ ಗಂಟೆಗೆ 25 ಕಿಲೋಮೀಟರ್ ಸರಾಸರಿಯಲ್ಲಿ 20 ಗಂಟೆ. ಒಟ್ಟು 110 ಗಂಟೆ ಕೊಟ್ಟು 500 ಕಿಲೋಮೀಟರ್ ಹೋದಂತಾಯಿತು. ನಿಜವಾದ ವೇಗ ಗಂಟೆಗೆ ನಾಲ್ಕೂವರೆ ಕಿಲೋಮೀಟರ್. ಕಾಲ್ನಡಿಗೆಯವರು 5 ನಡೆಯುತ್ತಾರೆ. ಸೈಕಲ್ಲಿಗೆ ತಿಂಗಳ ಖರ್ಚು 450 ಹಿಡಿದು, ಗಂಟೆಗೆ 15ರಂತೆ ತುಳಿದರೂ 13 ಕಿಲೋಮೀಟರ್ ಬರುತ್ತದೆ.

ಅದೇ ಕಾರು 2,000 ಕಿಲೋಮೀಟರ್ ಓಡಿದರೆ ಸ್ಥಿರ ಖರ್ಚು ಹಂಚಿಹೋಗಿ ವೇಗ 8.7ಕ್ಕೆ ಏರುತ್ತದೆ. ಕೊಂಡಾಗಿದ್ದು ಮನೆ ಮುಂದೆ ನಿಂತಿರುವ ಕಾರಿಗಂತೂ ಇಂಧನ ಮತ್ತು ಪ್ರಯಾಣದ ಹೊತ್ತನ್ನು ಮಾತ್ರ ಎಣಿಸಬೇಕು, ಆಗ ಅದು 12.5. ಹಾಗಾಗಿ ಈ ಲೆಕ್ಕ ಹಾಕಬೇಕಾದದ್ದು ಶೋರೂಮಿಗೆ ಹೋಗುವ ಮುಂಚೆ. ವಯಸ್ಸಾದವರು, ಕಾಯಿಲೆಯವರು, ಪುಟ್ಟ ಮಕ್ಕಳು ಇರುವ ಮನೆಯವರು ವೇಗವೊಂದನ್ನೇ ನೋಡಿ ತೀರ್ಮಾನಿಸಲಾರರು, ತೀರ್ಮಾನಿಸಲೂಬಾರದು.

ಈಗ ಮನೆಯಿಂದ ಹೊರಗೆ ಬರೋಣ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಈ ಭಾಗ.

ಒಂದು ವಸ್ತುವಿಗೆ ನಾವು ಹಣ ಕೊಟ್ಟರೆ ಅದು ಮತ್ತೊಬ್ಬರ ಜೇಬಿಗೆ ಹೋಗುತ್ತದೆ. ಅವರಾದರೂ ಅದನ್ನು ಖರ್ಚು ಮಾಡುತ್ತಾರೆ. ಸಾಲಿನಲ್ಲಿ ನಿಂತು ಕೊಟ್ಟ ಗಂಟೆ ಯಾರ ಜೇಬಿಗೂ ಸೇರುವುದಿಲ್ಲ. ನಿಂತವರಿಂದ ಹೋಯಿತು, ಕೌಂಟರಿನ ಒಳಗಿದ್ದವರಿಗೂ ಸಿಗಲಿಲ್ಲ. ಆದರೂ ಸರ್ಕಾರಗಳ ಆಯವ್ಯಯದಲ್ಲಿ ಗುಮಾಸ್ತರ ಸಂಬಳಕ್ಕೆ ಒಂದು ಸಾಲು ಇರುತ್ತದೆ, ಜನ ಕಾದ ಹೊತ್ತಿಗೆ ಒಂದು ಸಾಲೂ ಇರುವುದಿಲ್ಲ.

ಸಾಲು ಏಕೆ ಬೆಳೆಯುತ್ತದೆ ಎಂಬುದಕ್ಕೆ ಗಣಿತವಿದೆ. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಆಗ್ನರ್ ಎರ್ಲಾಂಗ್ 1909ರಲ್ಲಿ ಇದರ ಬುನಾದಿ ಹಾಕಿದರು. ಎಷ್ಟು ತಂತಿ, ಎಷ್ಟು ಆಪರೇಟರುಗಳಿದ್ದರೆ ಕರೆಗಳು ಕಾಯುವುದಿಲ್ಲ ಎಂಬುದು ಅವರ ಪ್ರಶ್ನೆಯಾಗಿತ್ತು. ಒಂದು ಕೌಂಟರ್, ಒಬ್ಬರ ಕೆಲಸಕ್ಕೆ ಸರಾಸರಿ 5 ನಿಮಿಷ ಎಂದಿಟ್ಟುಕೊಳ್ಳಿ. ಜನ ತಮ್ಮ ತಮ್ಮ ಹೊತ್ತಿಗೆ ಬರುತ್ತಾರೆ, ಕೆಲವರದು ಎರಡು ನಿಮಿಷದ ಕೆಲಸ, ಕೆಲವರದು ಹನ್ನೆರಡು. ಗುಮಾಸ್ತರು ನೂರಕ್ಕೆ 80ರಷ್ಟು ಹೊತ್ತು ಕೆಲಸದಲ್ಲಿದ್ದರೆ ಸಾಲಿನಲ್ಲಿ ಸರಾಸರಿ ಕಾಯುವುದು 20 ನಿಮಿಷ. 90ಕ್ಕೆ ಏರಿದರೆ 45 ನಿಮಿಷ. 95ಕ್ಕೆ ಏರಿದರೆ 95 ನಿಮಿಷ. 80ರಿಂದ 95ಕ್ಕೆ ಹೋಗಿದ್ದು ಹದಿನೈದು ಹೆಜ್ಜೆ, ಕಾಯುವ ಹೊತ್ತು ಬೆಳೆದದ್ದು ನಾಲ್ಕೂಮುಕ್ಕಾಲು ಪಟ್ಟು. ಕಾರಣ ಸರಳ. ಸಿಬ್ಬಂದಿಗೆ ಬಿಡುವೇ ಇಲ್ಲದಿದ್ದರೆ, ಒಮ್ಮೆ ಐದಾರು ಜನ ಒಟ್ಟಿಗೆ ಬಂದಾಗ ಬೆಳೆದ ಸಾಲು ಕರಗಲು ಹೊತ್ತೇ ಸಿಗುವುದಿಲ್ಲ.

ಈ ಜಾಗದಲ್ಲಿ ಇನ್ನೊಬ್ಬ ಗುಮಾಸ್ತರನ್ನು ಕೂರಿಸಿ. ಇಬ್ಬರಿಗೂ ಸೇರಿ ಒಂದೇ ಸಾಲು ಮಾಡಿ, ಯಾರು ಮೊದಲು ಬಿಡುವಾಗುತ್ತಾರೋ ಅವರ ಬಳಿ ಮುಂದಿನವರು ಹೋಗಲಿ. ಕಾಯುವುದು 95 ನಿಮಿಷದಿಂದ ಎರಡು ನಿಮಿಷಕ್ಕೂ ಕಡಿಮೆಗೆ ಇಳಿಯುತ್ತದೆ. ಗಂಟೆಗೆ ಸುಮಾರು 11 ಜನ ಬರುವ ಆ ಕಚೇರಿಯಲ್ಲಿ, ಗುಮಾಸ್ತರ ಒಂದು ಗಂಟೆಯ ಸಂಬಳ ಹೆಚ್ಚು ಕೊಟ್ಟರೆ ಜನರ 17 ಗಂಟೆ ಉಳಿಯುತ್ತದೆ. "ಸಿಬ್ಬಂದಿ ಅರ್ಧ ಹೊತ್ತು ಸುಮ್ಮನೆ ಕೂತಿರುತ್ತಾರೆ" ಎಂದು ತನಿಖೆಗೆ ಬಂದವರು ಆಕ್ಷೇಪ ಬರೆಯುತ್ತಾರೆ. ಆ ಬಿಡುವಿನಿಂದಲೇ ಸಾಲು ಕರಗುತ್ತಿದೆ ಎಂಬುದು ಅವರಿಗೆ ಕಾಣುವುದಿಲ್ಲ. ಇಬ್ಬರಿಗೂ ಸಂಬಳ ಕೊಡಲು ಹಣವಿಲ್ಲದ ಕಡೆ ಟೋಕನ್ ಕೊಟ್ಟು, ಯಾವ ಹೊತ್ತಿಗೆ ಬನ್ನಿ ಎಂದು ನಿಗದಿ ಮಾಡಿದರೂ ಬರುವಿಕೆ ಸಮನಾಗಿ ಹರಡಿ ಕಾಯುವುದು ಬಹಳ ಕಡಿಮೆಯಾಗುತ್ತದೆ. ಹೊಸ ಖರ್ಚು ಅಷ್ಟಿಲ್ಲ. ಕೌಂಟರಿಗೊಂದು ಬೇರೆ ಬೇರೆ ಸಾಲು ಮಾಡುವುದನ್ನಾದರೂ ಬಿಡಬೇಕು, ಒಂದರ ಮುಂದೆ ಹತ್ತು ಜನ, ಪಕ್ಕದ್ದು ಖಾಲಿ ಎಂಬ ಸ್ಥಿತಿ ಬರುವುದು ಅದರಿಂದಲೇ.

ರಸ್ತೆಯ ದಟ್ಟಣೆಯೂ ಒಂದು ಸಾಲೇ. ದಟ್ಟಣೆಯ ಹೊತ್ತಿನಲ್ಲಿ ರಸ್ತೆಗೆ ಬೆಲೆ ಇಡಬೇಕು ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1950ರ ದಶಕದಿಂದಲೇ ವಾದಿಸಿದರು. ಅವರಿಗೆ 1996ರಲ್ಲಿ ನೊಬೆಲ್ ಬಂತು. ಸಿಂಗಪುರ 1975ರಲ್ಲೇ ನಗರದ ಒಳಭಾಗಕ್ಕೆ ಪ್ರವೇಶ ಪರವಾನಗಿ ತಂದಿತು. ಸ್ಟಾಕ್‌ಹೋಮ್ ಮಾಡಿದ ರೀತಿ ನನಗೆ ಹೆಚ್ಚು ಹಿಡಿಸುತ್ತದೆ. 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗ ಮಾಡಿ, ನಿಲ್ಲಿಸಿ, ಸೆಪ್ಟೆಂಬರಿನಲ್ಲಿ ಜನರ ಮತ ಕೇಳಿದರು. ಶುಲ್ಕವಿದ್ದಾಗ ನಗರದ ಒಳಭಾಗದ ಗಡಿ ದಾಟುವ ವಾಹನಗಳು ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗಿದ್ದವು. ಮೊದಲು ವಿರೋಧವೇ ಹೆಚ್ಚಿದ್ದ ನಗರದಲ್ಲಿ, ಅನುಭವಿಸಿ ನೋಡಿದ ಮೇಲೆ ಬಹುಮತ ಪರವಾಗಿ ಬಂತು. 2007ರ ಆಗಸ್ಟಿನಿಂದ ಅದು ಕಾಯಂ ಆಯಿತು.

ಬಡವರಿಗೆ ಇದು ಹೊರೆಯಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ಇರುವುದು ಆ ಹಣ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ. ದಟ್ಟಣೆಯಲ್ಲಿ ಬಸ್ಸಿನೊಳಗೆ ಸಿಕ್ಕಿಕೊಂಡ ಐವತ್ತು ಜನ ಕಳೆದುಕೊಳ್ಳುವ ಗಂಟೆಯನ್ನು ಯಾರೂ ಹಿಂತಿರುಗಿಸಲಾರರು. ಶುಲ್ಕದ ಹಣದಿಂದ ಬಸ್ಸು ಹೆಚ್ಚಿಸಬಹುದು. ಹೆಚ್ಚಿಸದೆ ಬೊಕ್ಕಸದಲ್ಲೇ ಇಟ್ಟುಕೊಂಡರೆ ಆ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಂತೂ ಬೆಲೆ ಇಟ್ಟು ಸಾಲು ಕರಗಿಸುವ ಮಾತೇ ಬೇಡ. ಅಲ್ಲಿ ರೋಗದ ತೀವ್ರತೆಯೇ ಸರದಿಯನ್ನು ನಿರ್ಧರಿಸಬೇಕು.

ಅರ್ಜಿಗಳ ವಿಷಯಕ್ಕೆ ಬರೋಣ. ಒಂದು ಯೋಜನೆಗೆ 10 ಲಕ್ಷ ಜನ ಅರ್ಜಿ ಹಾಕುತ್ತಾರೆ. ಯಾರೋ ಒಬ್ಬರು ಮೇಜಿನ ಹಿಂದೆ ಕೂತು "ಇದೊಂದು ನಕಲು ಪ್ರತಿಯೂ ಇರಲಿ" ಎಂದು ಸೇರಿಸುತ್ತಾರೆ. ಅದನ್ನು ಹುಡುಕಿ, ನಕಲು ತೆಗೆಸಿ, ಲಗತ್ತಿಸಲು 12 ನಿಮಿಷ. ಒಟ್ಟು 2 ಲಕ್ಷ ಗಂಟೆ. ವರ್ಷಕ್ಕೆ 2,000 ಗಂಟೆ ದುಡಿಯುವ ನೂರು ಜನರ ಇಡೀ ವರ್ಷದ ದುಡಿಮೆ ಅದು. ಅಮೆರಿಕದಲ್ಲಿ 1980ರ ಒಂದು ಕಾನೂನಿನ ಪ್ರಕಾರ ಕೇಂದ್ರ ಸರ್ಕಾರದ ಇಲಾಖೆಗಳು ತಮ್ಮ ನಮೂನೆಗಳನ್ನು ತುಂಬಲು ಎಷ್ಟು ಹೊತ್ತು ಬೇಕೆಂದು ಅಂದಾಜು ಮಾಡಬೇಕು. ಎಲ್ಲ ಕೂಡಿದರೆ ವರ್ಷಕ್ಕೆ ಸುಮಾರು ಸಾವಿರ ಕೋಟಿ ಗಂಟೆ. ಎಣಿಸಿದ ಮಾತ್ರಕ್ಕೆ ಅದು ಇಳಿಯಲಿಲ್ಲ, ನಿಜ. ಅಲೆದಾಟ ಮತ್ತು ಕಾಯುವ ಹೊತ್ತು ಇಂಥ ಅಂದಾಜಿನಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ ಎಂಬುದೂ ನಿಜ. ಆದರೆ ಎಣಿಸದಿದ್ದರೆ ವಾದಕ್ಕೂ ಜಾಗವಿರುತ್ತಿರಲಿಲ್ಲ.

ಡೆನ್ಮಾರ್ಕ್ ಇನ್ನೂ ಮುಂದೆ ಹೋಯಿತು. 1988ರಿಂದ ಅಲ್ಲಿ ತೆರಿಗೆ ಇಲಾಖೆಯೇ ಉದ್ಯೋಗದಾತರಿಂದ, ಬ್ಯಾಂಕುಗಳಿಂದ ಮಾಹಿತಿ ಪಡೆದು ವಿವರಪಟ್ಟಿ ತುಂಬಿ ಕಳಿಸುತ್ತದೆ. ತಪ್ಪಿದ್ದರೆ ಜನ ತಿದ್ದಿದರಾಯಿತು. ಎಸ್ಟೋನಿಯಾದಲ್ಲಿ ಇಲಾಖೆಗಳ ದಾಖಲೆಗಳನ್ನು ಬೆಸೆಯುವ ಜಾಲ 2001ರಲ್ಲಿ ಬಂತು. ಒಮ್ಮೆ ಕೊಟ್ಟ ಮಾಹಿತಿಯನ್ನು ಸರ್ಕಾರ ಮತ್ತೆ ಕೇಳಬಾರದು ಎಂಬುದು ಅಲ್ಲಿಯ ತತ್ವ.

ಇದೇ ಸಾಲಿನಲ್ಲಿ ಇನ್ನೊಂದು. ಸಹಾಯಧನ ಪಡೆಯುವವರು ದುಡಿಯಲು ಶುರು ಮಾಡಿದಾಗ ಸಹಾಯ ಹೇಗೆ ಕಡಿತವಾಗುತ್ತದೆ ಎಂದು ನೋಡಬೇಕು. ಬ್ರಿಟನ್ನಿನಲ್ಲಿ 2013ರಲ್ಲಿ ಬಂದ ಯೂನಿವರ್ಸಲ್ ಕ್ರೆಡಿಟ್ ಯೋಜನೆಯಲ್ಲಿ, ವಿನಾಯಿತಿ ಮೀರಿ ಗಳಿಸಿದ ಪ್ರತಿ 100ಕ್ಕೆ 65 ಕಡಿತವಾಗುತ್ತಿತ್ತು. 2017ರಲ್ಲಿ ಅದು 63, 2021ರಲ್ಲಿ 55 ಆಯಿತು. ಕೈಯಲ್ಲಿ ಉಳಿಯುವ 45ರಲ್ಲಿ ಬಸ್ಸಿನ ಖರ್ಚು ಕಳೆದು, ಹೋಗಿಬರುವ ಹೊತ್ತು ಕೂಡಿಸಿ, ಮೊದಲು ಹೇಳಿದ ಹಾಗೆ ಭಾಗಿಸಿ ನೋಡಿ. ಕೆಲಸಕ್ಕೆ ಹೋಗದವರನ್ನು ಸೋಮಾರಿ ಎನ್ನುವ ಮುಂಚೆ ಈ ಭಾಗಾಕಾರ ಮಾಡಲೇಬೇಕು. ಒಂದು ಮಿತಿ ದಾಟಿದ ಕೂಡಲೇ ಪೂರ್ತಿ ಸಹಾಯ ನಿಂತುಹೋಗುವ ಯೋಜನೆಗಳಲ್ಲಂತೂ ಹೆಚ್ಚು ದುಡಿದವರೇ ಬರಿಗೈ ಆಗುತ್ತಾರೆ.

ನಿಮ್ಮಿಂದ ಆಗುವ ಕೆಲಸ ಒಂದಿದೆ. ಮುಂದಿನ ಸಲ ಕಚೇರಿಗೆ ಹೋದಾಗ ಐದು ಸಂಗತಿ ಬರೆದುಕೊಳ್ಳಿ: ಮನೆ ಬಿಟ್ಟ ಹೊತ್ತು, ಸಾಲಿಗೆ ಸೇರಿದ ಹೊತ್ತು, ಕೌಂಟರಿಗೆ ತಲುಪಿದ ಹೊತ್ತು, ಇದು ಎಷ್ಟನೆಯ ಭೇಟಿ, ವಾಪಸು ಕಳಿಸಿದ್ದರೆ ಯಾವ ಕಾರಣಕ್ಕೆ. ಇಪ್ಪತ್ತು ಮೂವತ್ತು ಜನರ ಚೀಟಿ ಸೇರಿದರೆ ಸರಾಸರಿ ತೆಗೆಯಬೇಡಿ. ಇಡೀ ದಿನ ಕಾದ ಒಬ್ಬರು ಅದನ್ನು ಎಳೆದುಬಿಡುತ್ತಾರೆ. ಎಲ್ಲರನ್ನೂ ಕಾದ ಹೊತ್ತಿನ ಏರಿಕೆಯಲ್ಲಿ ಬರೆದು ನಡುವಿನವರದ್ದನ್ನು ತೆಗೆದುಕೊಳ್ಳಿ. ಒಂದೇ ಗಂಟೆಯಲ್ಲಿ ಬಂದವರ ಚೀಟಿಗಳನ್ನೇ ಸೇರಿಸಬೇಡಿ, ಬೆಳಗ್ಗೆ ಮಧ್ಯಾಹ್ನ ಎರಡೂ ಇರಲಿ. ಐದನೆಯ ಸಂಗತಿಯನ್ನು ಪ್ರತ್ಯೇಕವಾಗಿ ಎಣಿಸಿ. ಒಂದೇ ಕಾಗದದ ಹೆಸರು ಮತ್ತೆ ಮತ್ತೆ ಬಂದರೆ, ಕೌಂಟರಿನ ಪಕ್ಕದ ಫಲಕದಲ್ಲಿ ಆ ಕಾಗದದ ಹೆಸರು ದೊಡ್ಡ ಅಕ್ಷರದಲ್ಲಿ ಬರೆದಿದೆಯೇ ಎಂದು ಮೊದಲು ನೋಡಿ, ಆಮೇಲೆ ಮನವಿ ಬರೆಯಿರಿ.

ನಮಸ್ಕಾರ.