ಎಡೆರ್ ಅಂದ್ರೆ ಒಂದೇ ಗೋಲಾ?

ಎಲ್ಲರಿಗೂ ನಮಸ್ಕಾರ.

ಎಡೆರ್ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ ಅಂತ ನನಗೆ ಗೊತ್ತು. 2016ರ ಜುಲೈ 10, ಪೋರ್ಚುಗಲ್-ಫ್ರಾನ್ಸ್ ಯೂರೋ ಫುಟ್‌ಬಾಲ್ ಫೈನಲ್, 109ನೇ ನಿಮಿಷಕ್ಕೆ ಪೋರ್ಚುಗಲ್ ಪರ ಅವನು ಹೊಡೆದ ಗೋಲು. ನಮ್ಮಲ್ಲಿ ಆಗ ಬೆಳಗಿನ ಜಾವ. ನಾನು ನಿದ್ದೆಗಣ್ಣಲ್ಲಿ ಟಿವಿ ಮುಂದೆ ಕೂತಿದ್ದೆ. 79ನೇ ನಿಮಿಷಕ್ಕೆ ರೆನಾಟೊ ಸಾಂಚೆಸ್‌ನನ್ನು ಹೊರಗೆ ಕರೆದು ಎಡೆರ್‌ನನ್ನು ಇಳಿಸಿದಾಗ, 'ಇವನನ್ನ್ಯಾಕಪ್ಪಾ ಕಳಿಸಿದ್ರು' ಅಂತ ಗೊಣಗಿದೆ. ಇವತ್ತಿನ ಮಾತು ಆ ಗೊಣಗಾಟಕ್ಕೆ ನಾನು ಕಟ್ಟುತ್ತಿರುವ ದಂಡ.

ಆ ಗೋಲಿನ ಕಥೆ ಹೇಳುವವರೆಲ್ಲ 'ಎಲ್ಲಿಂದಲೋ ಬಂದು ಹೊಡೆದುಬಿಟ್ಟ' ಅನ್ನುತ್ತಾರೆ. ಎಲ್ಲಿಂದಲೋ ಏನಲ್ಲ. ಅವನು ಬಂದ ದಾರಿಯಲ್ಲಿ ಊರುಗಳಿವೆ, ಆ ಊರುಗಳಿಗೆ ಹೆಸರಿವೆ.

ಎಡೆರ್ ಹುಟ್ಟಿದ್ದು 1987ರಲ್ಲಿ, ಪಶ್ಚಿಮ ಆಫ್ರಿಕಾದ ಗಿನಿ ಬಿಸಾವ್‌ನಲ್ಲಿ. ಚಿಕ್ಕವನಿದ್ದಾಗಲೇ ಪೋರ್ಚುಗಲ್‌ಗೆ ಬಂದ. ಬೆಳೆದದ್ದು ಕೊಯಿಂಬ್ರಾ ಹತ್ತಿರದ ಒಂದು ಮಕ್ಕಳ ನಿಲಯದಲ್ಲಿ. ಅಲ್ಲಿನ ಅಡೇಮಿಯಾ ಅನ್ನೋ ಸಣ್ಣ ಕ್ಲಬ್‌ನಲ್ಲಿ ಆಟ ಕಲಿತ. ಆಮೇಲೆ ಒಲಿವೇರಾ ದೊ ಓಸ್ಪಿಟಾಲ್ ಊರಿನ ಕ್ಲಬ್. ಊರಿನ ಹೆಸರಲ್ಲೇ ಆಸ್ಪತ್ರೆ ಇದೆ ನೋಡಿ. ಹಾಸ್ಪಿಟಲರ್ ಅನ್ನೋ ಹಳೇ ಕಾಲದ ಯೋಧ ಸಂನ್ಯಾಸಿಗಳಿಂದ ಬಂದ ಹೆಸರಂತೆ. ಅಲ್ಲಿಂದ ತೊರಿಝೆನ್ಸ್. ಇದು ತೊರಿಝ್ ಎಂಬ ಹಳ್ಳಿಯ ಕ್ಲಬ್. ಹೌದು, ಹಳ್ಳಿಯೇ.

ಪೋರ್ಚುಗಲ್‌ನ ಲೀಗುಗಳ ಆಗಿನ ಏರ್ಪಾಡು ಹೀಗಿತ್ತು. ಮೇಲೆ ಪ್ರಿಮೇರಾ ಲೀಗಾ, ಅದರ ಕೆಳಗೆ ಎರಡನೇ ಲೀಗು. ತೊರಿಝೆನ್ಸ್ ಆಡುತ್ತಿದ್ದ ಮೂರನೆಯದು ವಲಯಗಳಾಗಿ ಒಡೆದಿತ್ತು. ಅದಕ್ಕೂ ಕೆಳಗೆ ಇನ್ನೊಂದು ಡಿವಿಜನ್, ಅದರಾಚೆ ಜಿಲ್ಲಾ ಲೀಗುಗಳು. ತಮಾಷೆ ಅಂದ್ರೆ, ಮೂರನೇ ಮೆಟ್ಟಿಲಿನ ಹೆಸರು 'ಸೆಗುಂಡಾ ಡಿವಿಜಾವ್', ಅಂದರೆ ಎರಡನೇ ಡಿವಿಜನ್! ಈಗ ಆ ಜಾಗದಲ್ಲಿ 2021ರಲ್ಲಿ ಶುರುವಾದ ಲೀಗಾ 3 ಇದೆ. ಈ ಕೆಳಗಿನ ಮೆಟ್ಟಿಲುಗಳಲ್ಲಿ ಫಾರ್ವರ್ಡ್ ಆಗಿರೋದು ಸುಲಭವಲ್ಲ. ಗೋಲ್ ಹೊಡೆದರೆ 'ಬಿಡಿ, ಎದುರಿಗೆ ಯಾರಿದ್ದರು' ಅಂತಾರೆ. ಹೊಡೆಯದಿದ್ದರೆ 'ಇಲ್ಲೇ ಆಗದವನು ಮೇಲೆ ಹೋಗಿ ಏನು ಮಾಡ್ತಾನೆ' ಅಂತಾರೆ. ಎಷ್ಟೋ ಜನ ಬೇರೆ ಕೆಲಸ ಮಾಡಿಕೊಂಡೇ ಆಡುತ್ತಾರೆ. ಮುಂದೆ ಇಂಗ್ಲೆಂಡಿನ ಎವರ್ಟನ್ ಕ್ಲಬ್ಬಿನವರೆಗೆ ಹೋದ ಬೆಟೊ, ಲಿಸ್ಬನ್ ಸುತ್ತಮುತ್ತ ಕೆಳಗಿನ ಲೀಗುಗಳಲ್ಲಿ ಆಡುವಾಗ ಕೆಎಫ್‌ಸಿಯಲ್ಲಿ ಕೆಲಸ ಮಾಡುತ್ತಿದ್ದ.

ಪೋರ್ಚುಗೀಸರು ಸ್ಟ್ರೈಕರ್‌ಗೆ 'ಪೊಂಟಾ ದೆ ಲಾನ್ಸಾ' ಅನ್ನುತ್ತಾರೆ. ಈಟಿಯ ತುದಿ ಅಂತ ಅರ್ಥ. ಚೆಂದದ ಮಾತು. ಆದರೆ ಎಡೆರ್ ಬರೀ ಚುಚ್ಚೋ ತುದಿ ಆಗಿರಲಿಲ್ಲ. ಆರಡಿ ದಾಟಿದ ಎತ್ತರ, ಗಟ್ಟಿ ಮೈ. ಗೋಲಿಗೆ ಬೆನ್ನು ಹಾಕಿ ನಿಲ್ಲಬೇಕು, ಬರೋ ಚೆಂಡನ್ನು ಹಿಡಿದಿಡಬೇಕು, ಹಿಂದಿನಿಂದ ತಳ್ಳೋ ಡಿಫೆಂಡರ್‌ನನ್ನು ತಡೆದುಕೊಳ್ಳಬೇಕು. ಈ ಕೂಲಿ ಕೆಲಸ ಸ್ಕೋರ್‌ಬೋರ್ಡಿಗೆ ಬರೋದೇ ಇಲ್ಲ, ಅಲ್ವಾ?

2008ರಲ್ಲಿ ಅಕಾಡೆಮಿಕಾ ಕರೆಯಿತು. ಕೊಯಿಂಬ್ರಾದ ವಿದ್ಯಾರ್ಥಿಗಳ ಕ್ಲಬ್ ಅದು, ಕಪ್ಪು ಜೆರ್ಸಿ. ಮೂರನೇ ಮೆಟ್ಟಿಲಿನಿಂದ ಒಂದೇ ನೆಗೆತಕ್ಕೆ ಮೊದಲನೆಯದಕ್ಕೆ! ಅಲ್ಲಿ ನಾಲ್ಕು ಸೀಸನ್. ಗೋಲುಗಳ ಲೆಕ್ಕ ಹಾಕಿದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. 2012ರಲ್ಲಿ ಬ್ರಾಗಾ ಕ್ಲಬ್ ಸೇರಿದ ಮೇಲೆ ಕೈ ಹಿಡಿಯಿತು, ಆದರೆ ಮೊದಲ ಸೀಸನ್ನಿನಲ್ಲೇ ಮಂಡಿಗೆ ಪೆಟ್ಟಾಯಿತು. ರಾಷ್ಟ್ರೀಯ ತಂಡಕ್ಕೂ ಅದೇ 2012ರಲ್ಲಿ ಬಂದ. ಮೊದಲ ಗೋಲ್ ಬಂದದ್ದು 2015ರ ಜೂನ್‌ನಲ್ಲಿ, ಇಟಲಿ ಮೇಲೆ, ಅದೂ ಒಂದು ಸೌಹಾರ್ದ ಪಂದ್ಯದಲ್ಲಿ. ಹೆಚ್ಚುಕಡಿಮೆ ಮೂರು ವರ್ಷ ಬರಗಾಲ. ಅಷ್ಟೂ ದಿನ ಸ್ವಂತ ದೇಶದವರ ಗೇಲಿ. ಆಮೇಲೆ ಇಂಗ್ಲೆಂಡಿನ ಲೀಗಿನಲ್ಲಿ ಆಡುವ ವೇಲ್ಸ್‌ನ ಕ್ಲಬ್ ಸ್ವಾನ್ಸಿಗೆ ಹೋದ, ಅಲ್ಲಿ ಒಂದೂ ಗೋಲಿಲ್ಲ. ಅರ್ಧ ಸೀಸನ್‌ಗೆ ಎರವಲಾಗಿ ಫ್ರಾನ್ಸಿನ ಲಿಲ್‌ಗೆ ಕಳಿಸಿದರು. ನನ್ನ ಗೊಣಗಾಟಕ್ಕೆ ಇದೆಲ್ಲ ಕಾರಣ.

ಈಗ ಆ ಗೋಲನ್ನು ಇನ್ನೊಮ್ಮೆ ನೋಡೋಣ. ರೊನಾಲ್ಡೊ ಮಂಡಿ ಹಿಡಿದುಕೊಂಡು 25ನೇ ನಿಮಿಷಕ್ಕೇ ಹೊರಗೆ ಹೋಗಿಯಾಗಿದೆ. ಎಕ್ಸ್‌ಟ್ರಾ ಟೈಮ್, ಎಲ್ಲರ ಕಾಲೂ ಸೋತಿದೆ. ಮೌಟಿನ್ಯೊ ಚೆಂಡು ಕೊಡುತ್ತಾನೆ. ಎಡೆರ್ ಬೆನ್ನು ಗೋಲಿನ ಕಡೆಗಿದೆ. ಬೆನ್ನಿಗಂಟಿಕೊಂಡು ಫ್ರಾನ್ಸಿನ ಡಿಫೆಂಡರ್ ಕೊಶೆಲ್ನಿ. ಎಡೆರ್ ಮೈಯನ್ನು ಅಡ್ಡ ಕೊಡುತ್ತಾನೆ. ಕೊಶೆಲ್ನಿ ತಳ್ಳುತ್ತಾನೆ, ಇವನು ಬೀಳುವುದಿಲ್ಲ. ಒಳಗೆ ತಿರುಗಿ ಒಂದೆರಡು ಹೆಜ್ಜೆ ಹಾಕಿ, ಸುಮಾರು 25 ಗಜ ದೂರದಿಂದ ನೆಲ ಸವರಿಕೊಂಡು ಹೋಗುವ ಹಾಗೆ ಹೊಡೆಯುತ್ತಾನೆ. ಗೋಲ್‌ಕೀಪರ್ ಲೊರಿಸ್ ಹಾರಿದರೂ ಸಿಗಲಿಲ್ಲ.

ಎಲ್ಲರೂ ನೆನಪಿಟ್ಟುಕೊಂಡಿರುವುದು ಆ ಹೊಡೆತವನ್ನು. ನಾನು ಸುಮ್ನೆ ಮತ್ತೆ ಮತ್ತೆ ನೋಡೋದು ಅದಕ್ಕೂ ಮುಂಚಿನ ಎರಡು ಸೆಕೆಂಡನ್ನು. ಬೆನ್ನ ಮೇಲೆ ಒಬ್ಬನನ್ನು ಹೊತ್ತು ಬೀಳದೆ ನಿಂತದ್ದು. ಅದನ್ನು ಅವನು ಸ್ವಾನ್ಸಿಯಲ್ಲಿ ಕಲಿತದ್ದಲ್ಲ. ಹಳ್ಳಿ ಕ್ಲಬ್ಬಿನ ಕಾಲದಿಂದ ಮಾಡುತ್ತಾ ಬಂದ ಕೆಲಸ ಅದು. ಪೋರ್ಚುಗಲ್‌ನ ಹಿರಿಯರ ತಂಡಕ್ಕೆ ಸಿಕ್ಕ ಮೊದಲ ದೊಡ್ಡ ಕಪ್ ಬಂದದ್ದು ಆ ಕೆಲಸದಿಂದ ಅಂತ ನನ್ನ ಲೆಕ್ಕ. ನೀವು ಒಪ್ಪದಿದ್ದರೆ ಆಮೇಲೆ ಜಗಳ ಆಡೋಣ.

ಮುಂದೇನಾಯ್ತು? ಮಾಸ್ಕೋದ ಲೊಕೊಮೊಟಿವ್ ಸೇರಿದ. 2018ರ ಮೇ ತಿಂಗಳಲ್ಲಿ ಜೆನಿತ್ ಮೇಲೆ ಪಂದ್ಯದ ಕೊನೆಕೊನೆಗೆ ಒಂದು ಗೋಲ್ ಹೊಡೆದ. 1-0. ಅದರಿಂದಲೇ ಲೊಕೊಮೊಟಿವ್‌ಗೆ ಹದಿನಾಲ್ಕು ವರ್ಷದ ಮೇಲೆ ರಷ್ಯಾದ ಲೀಗ್ ಪ್ರಶಸ್ತಿ ಖಾತ್ರಿಯಾಯಿತು. ಮುಂದಿನ ತಿಂಗಳು ವಿಶ್ವಕಪ್, ಅದೂ ಅದೇ ರಷ್ಯಾದಲ್ಲಿ. ಪೋರ್ಚುಗಲ್ ಕರೆದುಕೊಂಡು ಹೋದ 23 ಜನರಲ್ಲಿ ಎಡೆರ್ ಹೆಸರಿರಲಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು. ಆ ಹಿಂದಿನ ಸಾಲಿನವರು ಆಗಲೇ ಕೈ ಎತ್ತಿದ್ದಾರೆ, ಮೈಕ್ ಅವರಿಗೆ ಕೊಡಿ.