ಚೆಸ್ ಕಲಿಯುವವರಿಗೆ ಎಷ್ಟು ನಿಮಿಷದ ಆಟ?

ಕೇಳುಗರೆಲ್ಲರಿಗೂ ನಮಸ್ಕಾರ.

2024ರ ನವೆಂಬರಿನಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ ಮೂರನೇ ಆಟ ಕೆಲವರಿಗಾದರೂ ನೆನಪಿರಬಹುದು. ಆಗಿನ ವಿಶ್ವ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ನಮ್ಮ ಚೆನ್ನೈ ಹುಡುಗ ಗುಕೇಶ್ ಎದುರು ಸೋತದ್ದು ಚೆಕ್‌ಮೇಟ್ ಆಗಿ ಅಲ್ಲ, ಸಮಯ ಮುಗಿದು. ಮೊದಲ 40 ನಡೆಗೆ ಒಬ್ಬೊಬ್ಬರಿಗೂ ಎರಡು ಗಂಟೆ ಇತ್ತು. 37ರ ಹೊತ್ತಿಗೇ ಗಡಿಯಾರ ಸೊನ್ನೆಗೆ ಬಂದಿತ್ತು. ಅವರ ಸ್ಥಿತಿ ಅಷ್ಟರಲ್ಲಾಗಲೇ ಕೆಟ್ಟಿತ್ತು, ನಿಜ. ಆದರೂ ವಿಶ್ವ ಚಾಂಪಿಯನ್ನರಿಗೇ ಹೀಗಾಗುತ್ತದೆಂದರೆ ಉಳಿದವರ ಪಾಡು ಕೇಳಬೇಕೇ?

ಆ ಪಂದ್ಯದಲ್ಲಿ ಇಂಕ್ರಿಮೆಂಟ್ ಸಿಗುತ್ತಿದ್ದದ್ದು 41ನೇ ನಡೆಯಿಂದ ಮಾತ್ರ. ಇಂಕ್ರಿಮೆಂಟ್ ಎಂದರೆ ಒಂದೊಂದು ನಡೆಗೂ ಇಷ್ಟು ಸೆಕೆಂಡ್ ಎಂದು ಸೇರಿಸಿಕೊಡುವುದು. ಅಂಥ ಗಡಿಯಾರಕ್ಕೆ 1980ರ ದಶಕದ ಕೊನೆಯಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಶರ್. ಕಲಿಯುವವರು ಇಂಕ್ರಿಮೆಂಟ್ ಇಲ್ಲದ ಆಟದ ಗೋಜಿಗೇ ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ. ಒಂದು ಕಾಲಾಳು ಹೆಚ್ಚಿಟ್ಟುಕೊಂಡು ಆನೆಗಳ ಅಂತ್ಯದಾಟಕ್ಕೆ ಬಂದಿರುತ್ತೀರಿ, ಉಳಿದಿರುವುದು ಎಂಟು ಸೆಕೆಂಡ್. ಅಲ್ಲಿಂದ ಮುಂದೆ ಗೆಲ್ಲುವುದು ಯಾರ ಕೈ ಚುರುಕೋ ಅವರು.

ಮೊಬೈಲಿನಲ್ಲಿ ಮೂರು ನಿಮಿಷದ ಬ್ಲಿಟ್ಜ್, ಒಂದು ನಿಮಿಷದ ಬುಲೆಟ್ ಆಡಲು ಮಜವಾಗಿರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ಮೊದಲೇ ಗೊತ್ತಿರುವುದನ್ನು ಬೇಗಬೇಗ ಆಡುತ್ತೇವೆ, ಅಷ್ಟೇ. ತಪ್ಪೂ ಅದರ ಜೊತೆಗೆ ರೂಢಿಯಾಗಿಬಿಡುತ್ತದೆ. ವಾರದ ದಿನಗಳಲ್ಲಿ 15 ನಿಮಿಷ, ನಡೆಗೆ 10 ಸೆಕೆಂಡಿನ ಒಂದೇ ಆಟ ಸಾಕು. ವಿಶ್ವ ರ‍್ಯಾಪಿಡ್ ಚಾಂಪಿಯನ್‌ಶಿಪ್‌ನಲ್ಲಿ ಆಡುವುದೂ ಅದನ್ನೇ. ಮುಗಿದ ಮೇಲೆ ಎಂಜಿನ್, ಅಂದರೆ ನಡೆಗಳನ್ನು ವಿಶ್ಲೇಷಿಸುವ ಕಂಪ್ಯೂಟರ್ ಪ್ರೋಗ್ರಾಂ, ತೆರೆಯದೆ ಒಮ್ಮೆ ನೀವೇ ತಿರುವಿಹಾಕಿ. ಭಾನುವಾರ ಬಿಡುವಿದ್ದರೆ ಉದ್ದದ ಆಟ.

ಉದ್ದದ ಆಟವೆಂದರೆ ಸಾಮಾನ್ಯವಾಗಿ 90 ನಿಮಿಷ, ನಡೆಗೆ 30 ಸೆಕೆಂಡ್. 40 ನಡೆಗೆ ಇಂಕ್ರಿಮೆಂಟೇ 20 ನಿಮಿಷ ತಂದುಕೊಡುತ್ತದೆ, ಒಟ್ಟು 110 ನಿಮಿಷ. ಭಾಗಿಸಿದರೆ ನಡೆಗೆ ಎರಡೂ ಮುಕ್ಕಾಲು ನಿಮಿಷ. ಆದರೆ ಹೀಗೆ ಸಮಪಾಲು ಮಾಡಲು ಅದೇನು ಪಿತ್ರಾರ್ಜಿತ ಆಸ್ತಿಯಲ್ಲ. ಗೊತ್ತಿರುವ ಓಪನಿಂಗಿನ ಹತ್ತು ನಡೆ ಐದು ನಿಮಿಷದಲ್ಲಿ ಮುಗಿಯಬೇಕು. ಮಂತ್ರಿಗಳ ವಿನಿಮಯ, ನಡುವಿನ ಕಾಲಾಳನ್ನು ಮುಂದೊತ್ತುವುದು, ಕುದುರೆ ಬಲಿಕೊಡುವುದು, ಇಂಥ ತಿರುಗಿ ಬರಲಾಗದ ಜಾಗ ಒಂದಾಟದಲ್ಲಿ ನಾಲ್ಕೈದು ಸಿಗಬಹುದು. ಹತ್ತು ಹದಿನೈದು ನಿಮಿಷ ಕೂರಬೇಕಾದದ್ದು ಅಲ್ಲಿ.

ಕೂತರೂ ಒಂದು ಅಪಾಯವಿದೆ. ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಅಲೆಕ್ಸಾಂಡರ್ ಕೊಟೋವ್ ಅದನ್ನು ಚೆನ್ನಾಗಿ ವಿವರಿಸಿದ್ದಾರೆ. ಎರಡು ನಡೆಗಳ ನಡುವೆ ಅರ್ಧ ಗಂಟೆ ಹೊಯ್ದಾಡಿ, ಥಟ್ಟನೆ ಗಡಿಯಾರ ನೋಡಿ, ಗಾಬರಿಯಲ್ಲಿ ಲೆಕ್ಕವನ್ನೇ ಹಾಕಿರದ ಮೂರನೆಯದನ್ನು ಆಡಿಬಿಡುವುದು! ಅದು ಬಹುಪಾಲು ತಪ್ಪು ನಡೆಯೇ ಆಗಿರುತ್ತದೆ.

ನಿಮ್ಮ ಸಮಯ ಎಲ್ಲಿ ಸೋರುತ್ತಿದೆ ಎಂದು ತಿಳಿಯಬೇಕೇ? ಸ್ಕೋರ್‌ಶೀಟಿನಲ್ಲಿ ನಡೆಯ ಪಕ್ಕದಲ್ಲೇ ಉಳಿದ ನಿಮಿಷವನ್ನೂ ಬರೆಯಿರಿ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ನಾಲ್ಕಾರು ಆಟಗಳ ಹಾಳೆ ಒಟ್ಟಿಗೆ ಹರಡಿಕೊಂಡರೆ ನಿಮ್ಮ ಚಾಳಿ ಕಣ್ಣಿಗೆ ರಾಚುತ್ತದೆ. ಸೋವಿಯತ್‌ನ ಹಿಂದಿನ ವಿಶ್ವ ಚಾಂಪಿಯನ್ ಬೊಟ್ವಿನಿಕ್ ಇನ್ನೂ ಕಟ್ಟುನಿಟ್ಟು: ಪದೇಪದೇ ಸಮಯದ ಇಕ್ಕಟ್ಟಿಗೆ ಸಿಲುಕುವವರು ಸೋಲುಗೆಲುವು ಮರೆತು, ಗಡಿಯಾರವೊಂದರ ಮೇಲೇ ಗಮನವಿಟ್ಟು ಅಭ್ಯಾಸದ ಆಟಗಳನ್ನು ಆಡಬೇಕು ಎನ್ನುತ್ತಿದ್ದರು.

ಮಕ್ಕಳದ್ದು ಇದಕ್ಕೆ ತದ್ವಿರುದ್ಧ. ಆಟ ಸೋತು ಎದ್ದು ಬರುವಾಗ ಗಡಿಯಾರದಲ್ಲಿ 92 ನಿಮಿಷ, ಶುರು ಮಾಡಿದಾಗ ಇದ್ದದ್ದಕ್ಕಿಂತ ಹೆಚ್ಚು! ಬಾಗಿಲಲ್ಲಿ ಕಾಯುವ ತಾಯ್ತಂದೆಯರು ಗೆದ್ದೆಯಾ ಎಂದು ಕೇಳುವ ಮೊದಲು ಸಮಯ ಎಷ್ಟು ಉಳಿಯಿತು ಅಂತ ಕೇಳಲಿ. ಎದುರಾಳಿಯ ನಡೆ ಕಂಡೊಡನೆ ಕಾಯಿಗೆ ಕೈಹಾಕುವ ಮಗುವಿಗೆ ಕೋಚ್‌ಗಳು ಹೇಳುವ ಹಳೆಯ ಉಪಾಯವೂ ಒಂದಿದೆ: ಎರಡೂ ಅಂಗೈಗಳ ಮೇಲೆ ಕುಳಿತುಕೋ, ನಡೆ ನಿರ್ಧಾರವಾದ ಮೇಲೆ ಒಂದನ್ನು ಹೊರಗೆ ತೆಗೆ. ಗಡಿಯಾರದ ಗುಂಡಿ ಒತ್ತಬೇಕಾದದ್ದೂ ಅದೇ ಕೈಯಿಂದ.

ನಮಸ್ಕಾರ.