ಚೋರ್ಲಿಯವರು ಓಟು ಯಾರಿಗೆ ಹಾಕಬೇಕು?

ನಮಸ್ಕಾರ. ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ ಚೋರ್ಲಿ ಅಂತ ಒಂದು ಕ್ಷೇತ್ರ. 2019ರಲ್ಲೂ 2024ರಲ್ಲೂ ಅಲ್ಲಿನ ಮತಪತ್ರದಲ್ಲಿ ಲೇಬರ್ ಪಕ್ಷ ಇರಲಿಲ್ಲ, ಕನ್ಸರ್ವೇಟಿವ್ ಇರಲಿಲ್ಲ, ಲಿಬರಲ್ ಡೆಮಾಕ್ರಾಟರೂ ಇರಲಿಲ್ಲ. ನಡೆದಿದ್ದು ಮಾತ್ರ ದೇಶದ ಸರ್ಕಾರ ಯಾರದು ಅಂತ ತೀರ್ಮಾನಿಸುವ ಚುನಾವಣೆ!

ಯಾಕೆ ಹೀಗೆ? ಅಲ್ಲಿನ ಎಂಪಿ ಲಿಂಡ್ಸೆ ಹೊಯ್ಲ್ ಸಂಸತ್ತಿನ ಸ್ಪೀಕರ್. 1997ರಿಂದ ಲೇಬರ್ ಪಕ್ಷದಿಂದ ಗೆಲ್ಲುತ್ತಾ ಬಂದವರು, 2019ರ ನವೆಂಬರಿನಲ್ಲಿ ಸ್ಪೀಕರ್ ಆಗಿ ಪಕ್ಷ ಬಿಟ್ಟರು. ಸ್ಪೀಕರ್ ಎದುರು ದೊಡ್ಡ ಪಕ್ಷಗಳು ಯಾರನ್ನೂ ನಿಲ್ಲಿಸುವುದಿಲ್ಲ. ಇದು ಕಾನೂನಲ್ಲ, ಸುಮ್ನೆ ನಡೆದುಕೊಂಡು ಬಂದ ಪದ್ಧತಿ.

ಸ್ಪೀಕರ್ ಯಾವ ಪಕ್ಷಕ್ಕೂ ಸೇರಿರಬಾರದು, ಒಪ್ಪೋಣ. ಆದರೆ 650 ಜನರ ಸದನದ ಅನುಕೂಲಕ್ಕೆ ಒಂದೇ ಊರು ಯಾಕೆ ಬೆಲೆ ತೆರಬೇಕು? ಹೊಯ್ಲ್ ಚರ್ಚೆಯಲ್ಲಿ ಚೋರ್ಲಿಯ ಪರ ಮಾತಾಡುವಂತಿಲ್ಲ. ಓಟು ಹಾಕುವುದು ಎರಡೂ ಕಡೆ ಸಮ ಆದಾಗ ಮಾತ್ರ, ಅದೂ ಹಳೆಯ ಸಂಪ್ರದಾಯ ಹೇಳಿದ ಕಡೆಗೆ. ಸ್ಪೀಕರ್ ಪತ್ರ ಬರೆದರೆ ಮಂತ್ರಿಗಳು ಬೇಗ ಕೆಲಸ ಮಾಡಿಕೊಡುತ್ತಾರೆ ಅನ್ನುವವರಿದ್ದಾರೆ. ಇರಬಹುದು. ಆದರೆ ಓಟು ಹಾಕೋದು ಬರೀ ಅರ್ಜಿ ವಿಲೇವಾರಿಗಾ?

ಬಕಿಂಗ್‌ಹ್ಯಾಮ್‌ನಲ್ಲಿ 2010ರಲ್ಲಿ ಏನಾಯಿತು ನೋಡಿ. ಆಗಿನ ಸ್ಪೀಕರ್ ಜಾನ್ ಬರ್ಕೋ ವಿರುದ್ಧ, ಯುರೋಪಿಯನ್ ಒಕ್ಕೂಟದಿಂದ ಬ್ರಿಟನ್ ಹೊರಬರಲಿ ಅನ್ನುತ್ತಿದ್ದ ಯುಕಿಪ್ ಪಕ್ಷದ ನೈಜಲ್ ಫರಾಜ್ ನಿಂತರು. ಡಾಲ್ಫಿನ್ ವೇಷದವನನ್ನು ಜೊತೆಗಿಟ್ಟುಕೊಂಡು ಪ್ರಚಾರ ಮಾಡಿದ ಒಬ್ಬ ಪಕ್ಷೇತರ ಎರಡನೇ ಸ್ಥಾನಕ್ಕೆ ಬಂದರು, ಫರಾಜ್ ಮೂರನೆಯವರಾದರು. ಬೇರೆ ದಾರಿ ಇಲ್ಲದ ಮತದಾರ ಸಿಟ್ಟನ್ನು ಎಲ್ಲಿಯಾದರೂ ಹಾಕಬೇಕಲ್ವಾ?

2024ರ ಫೆಬ್ರವರಿಯಲ್ಲಿ ಗಾಜಾ ಕದನವಿರಾಮದ ಚರ್ಚೆಯ ದಿನ ಹೊಯ್ಲ್ ರೂಢಿ ಮುರಿದು ತಮ್ಮ ಹಳೆಯ ಪಕ್ಷ ಲೇಬರ್‌ನ ತಿದ್ದುಪಡಿಗೆ ಅವಕಾಶ ಕೊಟ್ಟರು. ಗಲಾಟೆಯಾಯಿತು, ಕ್ಷಮೆ ಕೇಳಿದರು. ಕೆಲವೇ ತಿಂಗಳಲ್ಲಿ ಚುನಾವಣೆ ಬಂತು. ಅದೇ ದೊಡ್ಡ ಪಕ್ಷಗಳು ಮತ್ತೆ ಪಕ್ಕಕ್ಕೆ ಸರಿದವು, ಹಸಿರು ಪಕ್ಷದಂಥ ಸಣ್ಣವರು ಮಾತ್ರ ಕಣದಲ್ಲಿ ಉಳಿದರು.

ಇನ್ನೊಂದು ವಿಚಿತ್ರ: ಡೆಪ್ಯುಟಿ ಸ್ಪೀಕರ್‌ಗಳೂ ಸದನದಲ್ಲಿ ಓಟು ಹಾಕುವುದಿಲ್ಲ, ಆದರೂ ಚುನಾವಣೆಗೆ ಪಕ್ಷದ ಟಿಕೆಟ್‌ನಲ್ಲೇ ನಿಲ್ಲುತ್ತಾರೆ.

ಸ್ಪೀಕರ್‌ಗೆ ಸೇಂಟ್ ಸ್ಟೀಫನ್ಸ್ ಅನ್ನುವ ಹೆಸರಿಗಷ್ಟೇ ಇರುವ ಕ್ಷೇತ್ರ ಕೊಡಿ ಅನ್ನುವ ಸಲಹೆ ಹಳೆಯದು. 1939ರಲ್ಲೇ ಸಂಸತ್ತಿನ ಸಮಿತಿ ಅದನ್ನು ಬೇಡ ಅಂದಿತು. ಆ ಸಲಹೆಯನ್ನು ಮತ್ತೆ ಹೊರಗೆ ತೆಗೆಯಿರಿ ಅಂತೀನಿ ನಾನು. ಹೊಯ್ಲ್ ಅಲ್ಲಿರಲಿ, ಚೋರ್ಲಿಯಲ್ಲಿ ಉಪಚುನಾವಣೆ ಆಗಲಿ. ಲೇಬರ್ ಗೆಲ್ಲುತ್ತೋ ಫರಾಜ್ ಅವರ ಈಗಿನ ಪಕ್ಷ ರಿಫಾರ್ಮ್ ಯುಕೆ ಗೆಲ್ಲುತ್ತೋ, ಊರಿನವರೇ ಹೇಳಲಿ.